ಟೇಪು ಹಿಡಿದು ಬಂದವನು

ನೀಲಿ ಅಂಗಿಯವನು ಮೂರನೆಯ ದಿನವೂ ಬಂದ. ಕೈಯಲ್ಲಿ ಅದೇ ಅಳತೆಯ ಟೇಪು. ಅಂಗಡಿ ಅಕ್ಕ ಸೋಪಿನ ಸಾಲಿನ ಹಿಂದೆ ಮರೆಯಾಗಿ ನಿಂತಳು. ಅವನು ಬೀದಿಯ ಅಗಲ ಅಳೆದ. ತಿರುವಿನಲ್ಲಿ ಕುಕ್ಕರುಗಾಲಲ್ಲಿ ಕೂತು ಸೀಮೆಸುಣ್ಣದಿಂದ ಗೆರೆ ಎಳೆದ. ಆಮೇಲೆ ಅಕ್ಕನ ಅಂಗಡಿಗೆ ಎದುರಾಗಿದ್ದ ಖಾಲಿ ಗೋದಾಮಿನ ಮುಂದೆ ನಿಂತು, ಬೀದಿಗೆ ಚಾಚಿದ ಅದರ ಸೂರನ್ನು ಬಹಳ ಹೊತ್ತು ನೋಡಿದ.

ಅವನ ಜೇಬಿನ ಮೇಲೆ ದೊಡ್ಡಂಗಡಿಯ ಗುರುತಿತ್ತು.

ಮುಖ್ಯರಸ್ತೆಗೆ ದೊಡ್ಡಂಗಡಿ ಬಂದು ನಾಲ್ಕು ವರ್ಷ. ಮೊದಲು ತರಕಾರಿಯವಳು ಹೋದಳು. ಆಮೇಲೆ ಹಿಟ್ಟಿನ ಗಿರಣಿಯ ಸದ್ದು ನಿಂತಿತು. ಪಾತ್ರೆ ಅಂಗಡಿಯವನು ಒಂದು ಸಂಜೆ ಬೀಗ ಹಾಕಿದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯುವ ಅಂಗಡಿಯೆಂದರೆ ಈಗ ಅಕ್ಕನದೊಂದೇ. ಅದೂ, ಮಂಡಿನೋವಿನ ಮುದುಕರು ಅಷ್ಟು ದೂರ ನಡೆಯಲಾರರೆಂದು ಉಳಿದಿತ್ತು. ಗಂಡ ತೀರಿಕೊಂಡ ಮೇಲೆ ಅವಳ ಮತ್ತು ಅತ್ತೆಯ ಎರಡು ಹೊತ್ತಿನ ಊಟ ಆ ಹತ್ತಡಿ ಕೋಣೆಯಿಂದಲೇ ಬರಬೇಕು.

“ಹೋಗಿ ಕೇಳಬಾರದೇನೇ?” ಮೂಲೆಯ ಸ್ಟೂಲಿನಿಂದ ಅತ್ತೆ ಗೊಣಗಿದಳು. “ಕಳ್ಳಬೆಕ್ಕಿನ ಹಾಗೆ ಇಣುಕ್ತೀಯ. ಅಂಗಡಿ ನಿಂದೋ ಅವನದೋ?”

ಕೇಳುವ ಅಗತ್ಯ ಬೀಳಲಿಲ್ಲ. ಅವನೇ ಮೆಟ್ಟಿಲು ಹತ್ತಿದ.

“ಅಕ್ಕಾ, ಕುಡಿಯೋಕೆ ಸ್ವಲ್ಪ ನೀರು ಕೊಡ್ತೀರಾ?”

ಅಕ್ಕ ಲೋಟ ತುಂಬಿ ಅವನ ಮುಂದಿಟ್ಟಳು.

“ಏನಪ್ಪಾ ಈ ಅಳತೆಯೆಲ್ಲ?”

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಒಂದನೇ ತಾರೀಕು ಅಂಗಡಿ ತೆಗೀತೀವಿ ಅಕ್ಕಾ. ದೊಡ್ಡ ಲಾರಿಗಳು ಈ ಬೀದಿ ಹಾದೇ ಬರಬೇಕು, ತಿರುಗ್ತವೋ ಇಲ್ವೋ ಅಂತ ನೋಡ್ತಿದ್ದೆ. ಯಾರಿಗೂ ಹೇಳ್ಬೇಡಿ. ಇಲ್ಲಿನ ಮ್ಯಾನೇಜರಿಗೇ ಇನ್ನೂ ಗೊತ್ತಿಲ್ಲ.”

“ಒಂದನೇ ತಾರೀಕಾ? ಇನ್ನು ಹನ್ನೆರಡೇ ದಿನ!”

“ಹೂಂ. ನೀವು ಈಗಿಂದಲೇ ತಯಾರಾಗಿರಿ. ಆಮೇಲೆ ನಿಮ್ಮ ಕಥೆಯೇ ಬೇರೆ.” ಅವನು ನಕ್ಕ. ಮೆಟ್ಟಿಲಿಳಿದವನು ತಿರುಗಿ, “ಖಾಲಿ ರಟ್ಟಿನ ಪೆಟ್ಟಿಗೆ ಇದ್ರೆ ಎತ್ತಿಡಿ ಅಕ್ಕಾ. ಎಷ್ಟಿದ್ರೂ ಸಾಲಲ್ಲ” ಎಂದ.

ಅಕ್ಕ ಅತ್ತೆಯ ಸ್ಟೂಲಿನ ಬಳಿ ಹೋದಳು.

“ಎದುರುಗಡೆ ಗೋದಾಮಲ್ಲೇ ತೆಗೀತಾರಂತೆ ಅತ್ತೆ.”

“ಹಾಗಂದ್ನಾ?”

“ಇನ್ನು ಹೇಗನ್ಬೇಕು? ಗಂಟುಮೂಟೆ ಕಟ್ಟೋಕೆ ಪೆಟ್ಟಿಗೆ ಹುಡುಕ್ಕೊ ಅಂತ ಬೇರೆ ಹೇಳಿ ಹೋದ.”

ಅಂದಿನಿಂದ ಲಾರಿಯ ಸದ್ದು ಕೇಳಿದರೆ ಅಕ್ಕ ಬಾಗಿಲಿಗೆ ಓಡುತ್ತಿದ್ದಳು. ತೂಕದಲ್ಲಿ ತಪ್ಪಿದಳು. ಉಪ್ಪು ಕೇಳಿದವರಿಗೆ ಸಕ್ಕರೆ ಕಟ್ಟಿಕೊಟ್ಟಳು. “ದೇವರೇ, ಇಷ್ಟು ದಿನ ಕೈಹಿಡಿದೆ, ಇನ್ನೊಂದು ದಾರಿಯನ್ನೂ ನೀನೇ ತೋರಿಸು” ಎಂದು ದಿನವೂ ಬೇಡಿದಳು. ಬೇಡಿದ ಮೇಲೆ ಸುಮ್ಮನೆ ಕೂತು ಕೇಳಿಸಿಕೊಳ್ಳುವ ತಾಳ್ಮೆಯನ್ನು ಮಾತ್ರ ಭಯ ಅವಳಿಗೆ ಉಳಿಸಿರಲಿಲ್ಲ.

ಐದನೆಯ ದಿನ ಅವಳೇ ಎದ್ದು ಹೊರಟಳು. ಕಟ್ಟಡದ ಮಾಲೀಕ ಮೂರು ವರ್ಷದಿಂದ ಆ ಕೋಣೆ ಬಿಡು, ಒಡೆಸಿ ಗಾಡಿ ನಿಲ್ಲಿಸಲು ಜಾಗ ಮಾಡಬೇಕು ಎನ್ನುತ್ತಿದ್ದ. ತಿಂಗಳ ಕೊನೆಗೆ ಬಿಡುತ್ತೇನೆ ಎಂದು ಅವನಿಗೆ ಮಾತು ಕೊಟ್ಟಳು. ಅಲ್ಲಿಂದ ನೇರ ದೊಡ್ಡಂಗಡಿಯ ಗಾಜಿನ ಕೋಣೆಗೆ ಹೋಗಿ ಕೆಲಸ ಕೇಳಿದಳು.

“ಚೀಲ ತುಂಬೋರು ಬೇಕಾಗಿದಾರೆ,” ಎಂದ ಮ್ಯಾನೇಜರು. “ಒಂದನೇ ತಾರೀಕಿಂದ ಬನ್ನಿ.” ಒಂದು ಹಸಿರು ಕೋಟನ್ನೂ ಕೊಟ್ಟ.

ಅತ್ತೆ ಕೋಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. “ಹುಲಿಗೆ ಹೆದರಿ ಹುಲಿ ಮನೇಲೇ ಅಡುಗೆಗೆ ಸೇರ್ಕೊಂಡ್ಯಲ್ಲೇ!”

“ಅಡುಗೆಯವಳನ್ನ ಕೊನೇಲಿ ತಿನ್ನುತ್ತೆ ಅತ್ತೆ.”

ಕೊನೆಯ ದಿನ ಉಳಿದ ಸಾಮಾನನ್ನೆಲ್ಲ ಹಿಂಬಾಗಿಲಿನಿಂದ ಸಾಗಿಸಿದಳು. ನಾಚಿಕೆಗೆ ಬೀದಿಯಲ್ಲಿ ಯಾರಿಗೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಂತೆಯೇ ಮಾಲೀಕನ ಕಡೆಯವರು ಅಂಗಡಿಯ ಮುಂಗೋಡೆಗೆ ಮೊದಲ ಹಾರೆ ಹಾಕಿದ ಸದ್ದು ಕೇಳಿತು. ಅಕ್ಕ ತಿರುಗಿ ನೋಡದೆ ನಡೆದಳು.

ದೊಡ್ಡಂಗಡಿಯ ಗಾಜಿನ ಬಾಗಿಲು ಮುಚ್ಚಿತ್ತು. ಮುಂದೆ ಚೀಲ ಹಿಡಿದ ಜನರ ಗುಂಪು. ಪಕ್ಕದಲ್ಲಿ ಸಾಲಾಗಿ ಲಾರಿಗಳು. ಹೊಸ ಸಾಮಾನು ಬಂದಿದೆ ಎಂದುಕೊಂಡಳು. ಆದರೆ ಆಳುದ್ದದ ಫ್ರಿಜ್ಜುಗಳು ಲಾರಿಯಿಂದ ಇಳಿಯುತ್ತಿರಲಿಲ್ಲ, ಹತ್ತುತ್ತಿದ್ದವು.

ನೀಲಿ ಅಂಗಿಯವನು ಅವಳನ್ನು ಕಂಡು ಓಡಿಬಂದ. “ಅಕ್ಕಾ, ನೀವ್ಯಾಕೆ ಈ ಕೋಟು ಹಾಕ್ಕೊಂಡಿದೀರಿ?”

“ಇನ್ನೇನು ಮಾಡ್ಲಪ್ಪಾ? ನನ್ನೆದುರಿಗೇ ಅಂಗಡಿ ತೆಗೀತೀವಿ ಅಂದ್ಯಲ್ಲ.”

“ಎದುರಿಗೆ ಅಂತ ಯಾವಾಗ ಅಂದೆ? ಇದನ್ನಕ್ಕಾ, ಇದನ್ನ ಇಲ್ಲಿಂದ ತೆಗೀತೀವಿ ಅಂದೆ!” ಅವನು ಮೇಲೆ ಕೈ ತೋರಿಸಿದ. ಏಣಿಯ ಮೇಲೆ ಇಬ್ಬರು ದೊಡ್ಡಂಗಡಿಯ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಕಳಚುತ್ತಿದ್ದರು. “ಇಲ್ಲಿ ಲಾಭ ಸಾಲದಂತೆ, ಮುಚ್ಚಿ ಅಂತ ಮೇಲಿಂದ ಬಂತು. ಇನ್ನು ಜನವೆಲ್ಲ ನಿಮ್ಮ ಹತ್ರಾನೇ ಬರೋದು, ಸಾಮಾನು ತುಂಬಿಸ್ಕೊಳ್ಳಲಿ ಅಂತ ಮುಂಚೇನೇ ಹೇಳ್ದೆ.”

ನಸುಕಿನಿಂದ ಬಾಗಿಲ ಮುಂದೆ ಕಾದಿದ್ದ ಪಕ್ಕದ ಬೀದಿಯ ಅಜ್ಜಿ ಖಾಲಿ ಚೀಲ ಮಡಚಿ ಅಕ್ಕನ ಕೈ ಹಿಡಿದಳು. “ಇವರು ಹೋದ್ರೆ ಹೋಗ್ಲಿ ಬಿಡೇ, ನೀನಿದ್ದೀಯಲ್ಲ. ನಡಿ, ಬೇಗ ಅಂಗಡಿ ತೆಗಿ.”