ಇಂಕಾ ಗೋಡೆಯ ಕಾವಲು

ಆಂಡಿಸ್ ಪರ್ವತದ ಮೇಲಿನ ಇಂಕಾ ಕೋಟೆಯ ಬಾಗಿಲಲ್ಲೇ ಮಗಳು ತಾಕೀತು ಮಾಡಿದ್ದಳು.

“ಅಪ್ಪಾ, ಇಲ್ಲಿ ನೀವು ಪ್ರವಾಸಿ. ಯಾರಿಗೂ ಬಾಯಿ ಮಾಡಬ್ಯಾಡ್ರಿ.”

ಬಾದಾಮಿ ಕಡೆಯ ಹಳೇ ಗುಡಿಯೊಂದಕ್ಕೆ ಮೂವತ್ತು ವರ್ಷ ಕಾವಲಿದ್ದು ನಿವೃತ್ತನಾದ ಫಕೀರಪ್ಪ ಒಂದು ತಾಸು ಹೇಗೋ ತಡೆದುಕೊಂಡ. ಆಮೇಲೆ ಐದಾರು ಜನ ಐನೂರು ವರ್ಷದ ಗೋಡೆ ಹತ್ತಿ, ಕಾಲು ಇಳಿಬಿಟ್ಟು ಕುಳಿತು ಫೋಟೊ ತೆಗೆಸಿಕೊಳ್ಳತೊಡಗಿದರು. ಅವನ ರಕ್ತ ಕುದಿಯಿತು.

“ಏಯ್! ಇಳೀರಿ ಕೆಳಗ! ನಿಮ್ಮಪ್ಪ ಕಟ್ಟಿಸ್ಯಾನೇನು?”

ಕನ್ನಡ ಯಾರಿಗೂ ತಿಳಿಯಲಿಲ್ಲ. ಆದರೂ ಎಲ್ಲರೂ ದಡದಡನೆ ಇಳಿದರು. ಗದ್ದಲ ಕೇಳಿ ಅಲ್ಲಿಯ ಕಾವಲುಗಾರ ಬಿರಬಿರನೆ ಬಂದು ಮಗಳನ್ನು ಸ್ಪ್ಯಾನಿಷ್‌ನಲ್ಲಿ ಏನೋ ಕೇಳಿದ.

“ಏನಂತಾನವ್ವಾ?” ಫಕೀರಪ್ಪನ ದನಿ ಇಳಿದಿತ್ತು.

“ಒದರಿದವ್ರು ಯಾರು ಅಂತ ಕೇಳ್ತಾನ. ಈಗ ನಮ್ಮನ್ನ ಹೊರಗ ಹಾಕ್ತಾನ ನೋಡ್ರಿ.”

“ನಮ್ಮೂರಾಗ ನಾನೂ ಇದೇ ನೌಕರಿ ಮಾಡೀನಿ ಅಂತ ಹೇಳು.”

ಮಗಳು ತನಗೆ ಬಂದಷ್ಟು ಸ್ಪ್ಯಾನಿಷ್‌ನಲ್ಲಿ ಹೇಳಿದಳು. ಕಾವಲುಗಾರ ಫಕೀರಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ತನ್ನ ಕೊರಳಿನ ಸೀಟಿ ತೆಗೆದು ಅವನ ಕೊರಳಿಗೆ ಹಾಕಿ, ಬುತ್ತಿ ಎತ್ತಿಕೊಂಡು ಊಟಕ್ಕೆ ಹೊರಟುಹೋದ.