ಕೌದಿಯ ಕೊನೆಯ ಮೂಲೆ

ಒಂದೂರಲ್ಲಿ ಒಬ್ಬ ಹುಡುಗಿ ಇದ್ದಳಂತೆ. ಕೈಯಲ್ಲಿ ಕಾಸು ಕಡಿಮೆ, ಭೂಮಿಯ ಮೇಲೆ ಮಮತೆ ಜಾಸ್ತಿ. ಹೊಸ ಬಟ್ಟೆ ಕೊಳ್ಳುವುದಿಲ್ಲವೆಂದು ಆಣೆಯಿಟ್ಟು, ಚಳಿಗೆಂದು ಓಣಿಯ ಹಳೆಯ ಸೀರೆಗಳನ್ನೆಲ್ಲ ಬೇಡಿ ತಂದು, ಕೌದಿ ಹೊಲಿಯುವ ದ್ಯಾಮವ್ವನಿಗೆ ಕೊಟ್ಟಳು. ಹುಣ್ಣಿಮೆಯೊಳಗೆ ಮುಗಿಸುವುದಾಗಿ ದ್ಯಾಮವ್ವ ಮಾತು ಕೊಟ್ಟಳು.

ಹುಣ್ಣಿಮೆಯ ದಿನ ಹೋದಾಗ ಇನ್ನೂ ಒಂದು ಮೂಲೆ ಉಳಿದಿತ್ತು. ಹಳೆಯ ತೇಪೆಯೊಂದಿದ್ದ ಹಸಿರು ಇಳಕಲ್ ಸೀರೆಯ ತುಂಡಿನ ಮೇಲೆ ದ್ಯಾಮವ್ವನ ಸೂಜಿ ತಟ್ಟನೆ ನಿಂತಿತು.

"ಈ ತ್ಯಾಪಿ ಹಾಕಿದಾಕಿ ನಾನ. ನನ್ನ ಮಗಳ ಸೀರಿ ಇದು. ಯಾರು ಕೊಟ್ರು?"

"ನಮ್ಮ ಮನಿ ಮಾಲಕರು. ಹೆಂಡ್ತಿದಂತ. ಹಂಗಾರ ಅವ್ರು ನಿಮ್ಮ ಅಳಿಯಾನ ಏನು, ಆಯಿ? ಮಗಳು ಈಗ ಎಲ್ಲಿದ್ದಾಳ?"

ದ್ಯಾಮವ್ವ ಮೂಲೆ ಮುಗಿಸಿದಳು. ದಾರವನ್ನು ಹಲ್ಲಿನಿಂದ ಕಡಿದು, ಕೌದಿಯನ್ನು ಮಡಚಿ ಹುಡುಗಿಯ ತೊಡೆಯ ಮೇಲಿಟ್ಟಳು.

"ಇದ ಹಸಿರು ಸೀರಿ ಉಟ್ಕೊಂಡು ಯಾರ ಜೋಡಿನೋ ಓಡಿ ಹ್ವಾದ್ಲು ಅಂತ ಹೇಳ್ಯಾನವ್ವಾ, ಅಂವಾ."