ಹುಲಿಗೆ ಬಿಟ್ಟುಕೊಟ್ಟ ಜಾಗ

ಸೋಲಿಗರ ಗ್ರಾಮಸಭೆ ಒಪ್ಪದೆ ಆ ಕಾಡಿನಲ್ಲಿ ಗಣಿ ತೆರೆಯುವಂತಿಲ್ಲ ಎಂಬುದು ಸರ್ಕಾರದ್ದೇ ಕಾನೂನು. ಒಪ್ಪಿಗೆ ಕೇಳಲು ಬಂದ ಅಧಿಕಾರಿಯನ್ನು ಸಭೆ ಮೂರು ಸಲವೂ ಬೈದು ಅಟ್ಟಿತ್ತು. ನಾಲ್ಕನೆಯ ಸಲ ಅವನು ಗಣಿಯ ಮಾತೇ ಎತ್ತಲಿಲ್ಲ.

"ಹುಲಿಗೆ ಜಾಗ ಬೇಕು. ಎಲ್ರೂ ಖಾಲಿ ಮಾಡಿ."

ಯಜಮಾನ ಜಡೆಯನಿಗೆ ಮೈಯೆಲ್ಲ ಉರಿಯಿತು. ಆದರೆ ಹುಲಿ ಮಾದಪ್ಪನ ವಾಹನ, ಅದಕ್ಕೆ ಅಡ್ಡ ನಿಲ್ಲುವುದುಂಟೆ?

"ನಿಮ್ ಮೊಕ ನೋಡಲ್ಲ ಸ್ವಾಮಿ, ಹುಲಿ ಮೊಕ ನೋಡಿ ಎದ್ದೋಯ್ತೀವಿ," ಎಂದು ಖಾಲಿ ಮಾಡುವ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ.

ಜನ ಗುಡಿಸಲು ಕಿತ್ತುಕೊಂಡು ಹೋದ ತಿಂಗಳೊಳಗೆ ಗಣಿಗೆಂದು ಮರಗಳು ಉರುಳತೊಡಗಿದವು. ಜಡೆಯ ಓಡಿಬಂದು ಅಧಿಕಾರಿಯ ಕೊರಳಪಟ್ಟಿ ಹಿಡಿದ.

"ಲೋ ಕಳ್ನನ್ಮಗನೇ, ನಮ್ ಗ್ರಾಮಸಭೆ ಎಲ್ಲಿ ಒಪ್ಕಂತೋ ಇದ್ಕೆ?"

ಅಧಿಕಾರಿ ಅವನ ಕೈ ಕೊಡವಿ, ಗುಡಿಸಲುಗಳಿದ್ದ ಬಯಲಿನತ್ತ ಬೆರಳು ಮಾಡಿದ. "ಇಲ್ಲಿ ಗ್ರಾಮ ಎಲ್ಲಿದೆಯಯ್ಯಾ? ತೋರ್ಸು."